ಪಟ್ಟಿಯಿಂದ ಬಿಟ್ಟುಹೋದ ಚೆಲುವು

ಗ್ರಂಥಸಂಪಾದನೆ ಮಾಡುವವರು ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದುತ್ತಾರೆ. ಒಂದರಲ್ಲಿರುವ ಪದ ಇನ್ನೊಂದರಲ್ಲಿ ಇಲ್ಲವೆಂದರೆ ಅಲ್ಲೇ ನಿಲ್ಲುತ್ತಾರೆ. ಲಿಪಿಕಾರ ಕಣ್ತಪ್ಪಿ ಬಿಟ್ಟನೋ, ಬೇಕೆಂದೇ ಬಿಟ್ಟನೋ, ಅವನ ಕಾಲಕ್ಕೆ ಆ ಪದಕ್ಕೆ ಅರ್ಥವೇ ಉಳಿದಿರಲಿಲ್ಲವೋ ಎಂದು ಕೇಳಿಕೊಳ್ಳುತ್ತಾರೆ. ಕರಾವಳಿಯ ರಕ್ಷಣೆಗೆಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಗಳನ್ನು ಹೀಗೆ ಪಾಠಾಂತರ ಹುಡುಕುವ ಕಣ್ಣಿನಿಂದ ಓದಿದರೆ, ಅಲ್ಲಿಯೂ ಬಿಟ್ಟುಹೋದ ಒಂದು ಮಾತು ಸಿಗುತ್ತದೆ.

1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಟ್ಟುನಿಟ್ಟಾಗಿ ಕಾಪಾಡಬೇಕಾದ ಜಾಗಗಳನ್ನು ಮೊದಲನೇ ವರ್ಗದಲ್ಲಿ ಪಟ್ಟಿ ಮಾಡಿತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಕಾಂಡ್ಲಾ ಕಾಡು, ಹವಳದ ದಿಬ್ಬ, ಮೀನು ಮರಿಮಾಡುವ ನೀರು ಇವುಗಳ ಜೊತೆಯಲ್ಲೇ ಅಸಾಧಾರಣ ನೈಸರ್ಗಿಕ ಸೌಂದರ್ಯದ ಪ್ರದೇಶಗಳು ಎಂಬ ಮಾತೂ ಅಲ್ಲಿತ್ತು. 2011ರ ಜನವರಿ 6ರಂದು ಅದರ ಜಾಗಕ್ಕೆ ಹೊಸ ಅಧಿಸೂಚನೆ ಬಂತು. ಹೊಸ ಪಟ್ಟಿ ಹೆಚ್ಚು ಬಿಡಿಸಿ ಬರೆದದ್ದು, ಹನ್ನೊಂದು ಸಾಲಿನದ್ದು. ಕಾಂಡ್ಲಾ, ಹವಳ, ಮರಳ ದಿಬ್ಬ, ಜೀವಿಗಳಿರುವ ಕೆಸರುಬಯಲು, ಕಡಲಾಮೆ ಮೊಟ್ಟೆಯಿಡುವ ಜಾಗ, ಕಡಲಹುಲ್ಲು, ಹಕ್ಕಿ ಗೂಡುಕಟ್ಟುವ ನೆಲೆ, ಕೊನೆಯಲ್ಲಿ ಪುರಾತತ್ವ ಮತ್ತು ಪರಂಪರೆಯ ತಾಣಗಳು. ಸೌಂದರ್ಯ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. 2019ರ ಅಧಿಸೂಚನೆಯಲ್ಲೂ ಅದು ಮರಳಿ ಬರಲಿಲ್ಲ.

ಇದನ್ನು ಲಿಪಿಕಾರನ ಕಣ್ತಪ್ಪು ಎನ್ನಲಾಗದು. ಹೊಸ ಪಟ್ಟಿಯಲ್ಲಿರುವ ಹೆಚ್ಚಿನವನ್ನು ಗುರುತಿಸಬಹುದು, ಅಳೆಯಬಹುದು, ನಕ್ಷೆಯಲ್ಲಿ ಬಣ್ಣ ಬಳಿದು ತೋರಿಸಬಹುದು. ಕಾಂಡ್ಲಾ ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ, ಆಮೆಯ ಗೂಡನ್ನು ಎಣಿಸಬಹುದು. ಚೆಲುವನ್ನು ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಹಾಕುವುದು? ಇಪ್ಪತ್ತು ವರ್ಷ ಕಾನೂನಿನೊಳಗಿದ್ದ ಆ ಮಾತಿಗೆ ಅಧಿಸೂಚನೆ ಒಂದು ವ್ಯಾಖ್ಯೆಯನ್ನಾಗಲೀ ಅಳೆಯುವ ಕ್ರಮವನ್ನಾಗಲೀ ಕೊಟ್ಟಿರಲಿಲ್ಲ. ಅರ್ಥ ಹೇಳದೆ ಕೂರಿಸಿದ ಪದ ಸದ್ದಿಲ್ಲದೆ ಎದ್ದುಹೋಯಿತು. ಅದರ ಬಗ್ಗೆ ಸಾಹಿತ್ಯದವರಾದ ನಾವೂ ಏನೂ ಹೇಳಲಿಲ್ಲ. ಚೆಲುವೆಂದರೇನು ಎಂದು ಕೇಳುವುದನ್ನೇ ಕಸುಬಾಗಿಸಿಕೊಂಡವರು ನಾವು. ಆ ಪದ ಹೋದದ್ದರಿಂದ ಏನು ಹೋಯಿತು, ಅದನ್ನು ಮರಳಿ ತರುವುದಾದರೆ ಯಾವ ಅರ್ಥದಲ್ಲಿ ತರಬೇಕು ಎಂಬುದು ಈ ಬರಹದ ವಿಚಾರ.

ಮೊದಲು ಆ ಪದ ಬಂದ ದಾರಿ. 1981ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದ ಪತ್ರ ನಮ್ಮ ಕರಾವಳಿ ಕಾನೂನಿನ ಬೀಜ. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕಡಲತೀರವನ್ನು ಖಾಲಿ ಬಿಡಬೇಕೆಂದು ಕೇಳಿದ ಆ ಪತ್ರ, ತೀರಗಳಿಗೆ ಸೌಂದರ್ಯದ ಮೌಲ್ಯವಿದೆ, ಪರಿಸರದ ಮೌಲ್ಯವಿದೆ ಎಂದು ಎರಡನ್ನೂ ಜೊತೆಯಾಗಿ ಹೇಳಿತ್ತು. ಹತ್ತು ವರ್ಷದ ನಂತರ ಅದು ಅಧಿಸೂಚನೆಯಾಗುವಾಗ ಬಳಸಿದ ಪದಗುಚ್ಛ ಬ್ರಿಟನ್ನಿನದು. ಅಲ್ಲಿ 1949ರ ಕಾಯ್ದೆಯೊಂದು ಇದೇ ಹೆಸರಿನ ಸಂರಕ್ಷಿತ ಪ್ರದೇಶಗಳಿಗೆ ದಾರಿ ಮಾಡಿತ್ತು. 1956ರಲ್ಲಿ ಮೊದಲು ಆ ಪಟ್ಟ ಸಿಕ್ಕಿದ್ದು ವೇಲ್ಸಿನ ಗೋವರ್ ಎಂಬ ಕಡಲ ಚಾಚಿಗೆ. ನಮ್ಮ ಕರಡು ಬರೆದವರು ಪದವನ್ನು ಅಲ್ಲಿಂದಲೇ ತಂದಿರಬೇಕು. ಪದವೇನೋ ಬಂತು, ಅದನ್ನು ಬಳಸುವ ಕ್ರಮ ಬರಲಿಲ್ಲ.

ಬ್ರಿಟನ್ನಿನಲ್ಲಿ ಆ ಕ್ರಮ ನಿಧಾನವಾಗಿ ಬೆಳೆಯಿತು. ದೇಶಮಟ್ಟದ ಪಟ್ಟದ ಕೆಳಗೆ, ಸ್ಥಳೀಯ ಕೌನ್ಸಿಲ್‌ಗಳು ತಮ್ಮ ವ್ಯಾಪ್ತಿಯ ಭೂದೃಶ್ಯಗಳಿಗೆ ತಾವೇ ವಿಶೇಷ ಸ್ಥಾನ ಕೊಡುವ ಪದ್ಧತಿ ಬಂತು. ಹಾಗೆ ಕೊಡುವ ಮುನ್ನ ಮೌಲ್ಯಮಾಪನದ ವರದಿಯೊಂದು ಬೇಕು. ಅಲ್ಲಿನ ಭೂದೃಶ್ಯ ತಜ್ಞರ ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಇದಕ್ಕೆ ನೋಡಬೇಕಾದ ಅಂಶಗಳ ಪಟ್ಟಿಯಿದೆ: ನಿಸರ್ಗ, ಸಂಸ್ಕೃತಿ, ಜಾಗದ ಸದ್ಯದ ಸ್ಥಿತಿ, ವ್ಯಕ್ತಿಗಳೊಂದಿಗೆ ಮತ್ತು ಕಲೆ ಸಾಹಿತ್ಯದೊಂದಿಗೆ ಇರುವ ನಂಟು, ಅನನ್ಯತೆ, ವಿಹಾರ, ನೋಟದ ಸೊಗಸು, ನಿರ್ಜನತೆ ಮತ್ತು ಪ್ರಶಾಂತತೆ, ಆ ನೆಲ ಮಾಡುವ ಕೆಲಸ. ಕಡಲಂಚಿನ ಮಾಪನಕ್ಕೆ ಅವರದು ಇನ್ನೂ ಒಂದು ಸೂತ್ರವಿದೆ. ನೆಲದಿಂದ ಕಡಲನ್ನು ನೋಡಬೇಕು, ಕಡಲಿನಿಂದ ನೆಲವನ್ನು ನೋಡಬೇಕು, ತೀರದುದ್ದಕ್ಕೂ ನೋಡಬೇಕು.

ಈ ಕ್ರಮದ ದೊಡ್ಡ ಗುಣವೆಂದರೆ ಚೆಲುವನ್ನು ವಾದಕ್ಕೆ ಒಳಪಡಿಸುವುದು. ‘ಈ ತೀರ ಚೆಂದ’ ಎನ್ನುವವರು ಯಾಕೆ ಎಂದು ಬರೆಯಬೇಕು, ಒಪ್ಪದವರು ಅದನ್ನು ಪ್ರಶ್ನಿಸಬಹುದು. ವಿಮರ್ಶೆ ಮಾಡುವುದೂ ಇದನ್ನೇ. ಕವಿತೆ ಚೆನ್ನಾಗಿದೆ ಎಂಬಲ್ಲಿಗೆ ನಿಲ್ಲದೆ ಯಾವ ಸಾಲಿನಲ್ಲಿ, ಯಾವ ಕಾರಣಕ್ಕೆ ಎಂದು ತೋರಿಸುವುದು. ರುಚಿ ವೈಯಕ್ತಿಕವಾದರೂ ರುಚಿಯ ಬಗೆಗಿನ ಮಾತು ಸಾರ್ವಜನಿಕವಾಗಬಹುದೆಂಬ ನಂಬಿಕೆ ಎರಡರ ಹಿಂದೆಯೂ ಇದೆ.

ಇದರ ದೋಷವೂ ಸಾಹಿತ್ಯದ ವಿದ್ಯಾರ್ಥಿಗೆ ಪರಿಚಿತವೇ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ಹೇಳಿದ್ದರು. ಸಮುದ್ರವೂ ಅವುಗಳಲ್ಲೊಂದು. ಕಡಲನ್ನು ಕಂಡವನೂ ವರ್ಣಿಸಿದ, ಕಾಣದವನೂ ವರ್ಣಿಸಿದ. ನಿಯಮ ಪಾಲಿಸಿದ್ದಾಯಿತು, ಕಡಲು ಮಾತ್ರ ಎಷ್ಟೋ ಸಲ ಪದ್ಯದೊಳಗೆ ಬರಲೇ ಇಲ್ಲ. ಮೌಲ್ಯಮಾಪನದ ವರದಿಗಳಿಗೂ ಇದೇ ಅಪಾಯ. ವಿಶಾಲ, ಭವ್ಯ, ಪ್ರಶಾಂತ ಎಂಬ ನಾಲ್ಕಾರು ವಿಶೇಷಣಗಳನ್ನು ಒಂದು ತೀರದಿಂದ ಎತ್ತಿ ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗದು. ಅದಕ್ಕಿಂತ ಆಳದ ಪ್ರಶ್ನೆ, ಈ ವಿಶೇಷಣಗಳು ಯಾರ ಕಣ್ಣಿಗೆ ಕಂಡವು ಎಂಬುದು.

ಈ ಅಳತೆಗೋಲನ್ನು ಕಾರವಾರಕ್ಕೆ ಹಿಡಿದು ನೋಡೋಣ. ಆಯ್ಕೆಗೆ ಕಾರಣವಿದೆ. 2011ರ ಅಧಿಸೂಚನೆ ದೇಶದಲ್ಲಿ ಅತಿ ಸೂಕ್ಷ್ಮವೆಂದು ಹೆಸರಿಸಿ ಹೇಳಿದ ಕರಾವಳಿ ತುಂಡುಗಳಲ್ಲಿ ಕರ್ನಾಟಕದವು ಎರಡು: ಕಾರವಾರ ಮತ್ತು ಕುಂದಾಪುರ. ಕಲೆ ಸಾಹಿತ್ಯದ ನಂಟು ಎಂಬ ಅಂಶದಲ್ಲಿ ಕಾರವಾರಕ್ಕೆ ಪೂರ್ತಿ ಅಂಕ ಸಿಗುತ್ತದೆ. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಆಗ ಅವರಿಗೆ ಇಪ್ಪತ್ತೆರಡು. ಸನ್ಯಾಸಿಯೊಬ್ಬ ಜಗತ್ತನ್ನು ತೊರೆದು ಗೆಲ್ಲಲು ಹೊರಟು, ಕೊನೆಗೆ ಅನಾಥ ಹುಡುಗಿಯೊಬ್ಬಳ ಮಮತೆಗೆ ಸೋಲುವ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದ್ದು ಇಲ್ಲಿ. ಕಾಳಿ ನದಿಯ ದೋಣಿ ಪ್ರಯಾಣ, ಬೆಳದಿಂಗಳ ಮರಳು ಅವರ ಆತ್ಮಕಥನದಲ್ಲಿವೆ. ತೀರ ಇಂದು ಅವರ ಹೆಸರಿನಲ್ಲೇ ಇದೆ.

ಆದರೆ ಅದು ಬಂದುಹೋಗುವವನ ನೋಟ. ಅದೇ ಮರಳಿನ ಮೇಲೆ ಬೆಳಗಾಗುವ ಮುಂಚೆ ಬಲೆ ಎಳೆಯುವವರಿಗೆ ಅದೇ ಕಡಲು ಬೇರೆಯಾಗಿ ಕಾಣುತ್ತದೆ. ಕನ್ನಡದ ಕರಾವಳಿ ಸಾಹಿತ್ಯವನ್ನು ಸಾಕ್ಷಿಗೆ ಕರೆದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕೋಟದ ಬಳಿಯ ಕೋಡಿಯಲ್ಲಿ, ಕಡಲಿಗೂ ಹಿನ್ನೀರಿಗೂ ನಡುವಿನ ಮರಳುನೆಲದಲ್ಲಿ ಮೂರು ತಲೆಮಾರು ಬಾಳಿದ ಕಥೆ. ಅಲ್ಲಿ ಕಡಲು ಹಿನ್ನೆಲೆಯ ಚಿತ್ರಪಟವಲ್ಲ. ಗದ್ದೆಯ ಪಕ್ಕದಲ್ಲೇ ಇರುವ, ಮಳೆಗಾಲದಲ್ಲಿ ಭಯ ಹುಟ್ಟಿಸುವ, ಹೆಂಗಸರ ದುಡಿಮೆಯ ಹಗಲುರಾತ್ರಿಗಳೊಳಗೆ ಸದ್ದಾಗಿ ಸೇರಿಕೊಂಡ ನೆರೆಯ ಜೀವ. ಕಾರಂತರಿಗೆ ಚೆಲುವು ಕಾಣಲಿಲ್ಲವೆಂದಲ್ಲ. ಬದುಕಿನಿಂದ ಬಿಡಿಸಿ ತೆಗೆದ ಚೆಲುವು ಅವರಿಗೆ ಬೇಕಿರಲಿಲ್ಲ. ಮೂರನೇ ತಲೆಮಾರಿನ ರಾಮ ಊರಿಗೆ ಮರಳುವುದು ದೃಶ್ಯವನ್ನು ನೋಡಲಲ್ಲ, ಆ ನೆಲದಲ್ಲಿ ಇರಲು.

ಇಲ್ಲಿ ಒಂದು ಎಚ್ಚರ ಬೇಕು. ಠಾಕೂರರದು ಹೊರಗಿನ ಕಣ್ಣು, ನಮ್ಮವರದು ಒಳಗಿನದು ಎಂದು ಎರಡೇ ಮಾತಿನಲ್ಲಿ ಮುಗಿಸಿದರೆ ಸುಳ್ಳಾಗುತ್ತದೆ. ಕಾರಂತರ ಐತಾಳರ ಮನೆಯವರು ಬೇಸಾಯದ ಬ್ರಾಹ್ಮಣರು. ಯಶವಂತ ಚಿತ್ತಾಲರ ಹನೇಹಳ್ಳಿ ಮುಂಬಯಿಯ ಫ್ಲ್ಯಾಟಿನಿಂದ ನೆನೆದ ಹನೇಹಳ್ಳಿ. ನಮ್ಮ ಶ್ರೇಷ್ಠ ಕರಾವಳಿ ಬರಹದಲ್ಲಿ ಗಣನೀಯ ಪಾಲು ಹೀಗೆ ದಡದಿಂದ, ಅಥವಾ ದೂರದ ನಗರದಿಂದ ಕಡಲನ್ನು ಕಂಡದ್ದು. ಮೊಗವೀರ, ಖಾರ್ವಿ, ಹರಿಕಂತ್ರ, ಗಾಬಿತ ಸಮುದಾಯಗಳ ಕಡಲಜ್ಞಾನ ಪುಸ್ತಕಕ್ಕೆ ಬಂದದ್ದು ಕಡಿಮೆ. ಅದು ಮಾತಿನಲ್ಲಿದೆ, ಹಾಡಿನಲ್ಲಿದೆ, ಜಾಗಗಳ ಹೆಸರಿನಲ್ಲಿದೆ. ‘ಸಾಹಿತ್ಯದ ನಂಟು’ ಎಂಬ ಅಂಕಣವನ್ನು ಅಚ್ಚಾದ ಪುಸ್ತಕದಿಂದ ಮಾತ್ರ ತುಂಬಿದರೆ, ತೀರದ ಮೇಲೆ ಅತಿ ಹೆಚ್ಚು ಹೊತ್ತು ಕಳೆಯುವವರೇ ಮೌಲ್ಯಮಾಪನದಿಂದ ಹೊರಗುಳಿಯುತ್ತಾರೆ.

ಅವರನ್ನು ಒಳಗೆ ತಂದ ಕೂಡಲೇ ಅಳತೆಗೋಲಿನ ಒಂದೊಂದು ಪದವೂ ಅರ್ಥ ಬದಲಿಸುತ್ತದೆ. ವರದಿಗಳು ತುಂಬ ಮೆಚ್ಚುವ ಗುಣವೊಂದಿದೆ: ತೆರೆದ, ಉದ್ದನೆಯ, ಕಣ್ಣಿಗೆ ಅಡ್ಡ ಬಾರದ ಮರಳ ತೀರ. ರಂಪಣಿ ಬಲೆಯನ್ನು ನೆನೆಯಿರಿ. ದೋಣಿಯಲ್ಲಿ ಕೊಂಡೊಯ್ದು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡಕ್ಕೆ ಎಳೆಯುವ ಬಲೆ ಅದು. ಅದಕ್ಕೆ ಬೇಕಾದದ್ದೂ ಬಂಡೆಯಿಲ್ಲದ, ಕಟ್ಟಡವಿಲ್ಲದ, ಉದ್ದನೆಯ ತೆರೆದ ತೀರವೇ. ಹಿಡಿದ ಮೀನು ಒಣಗಿಸುವುದಕ್ಕೂ, ದೋಣಿ ಎಳೆದಿಡುವುದಕ್ಕೂ ಬೇಕಾದದ್ದು ಅದೇ. ನೋಡುಗನಿಗೆ ಚೆಲುವಾಗಿ ಕಂಡದ್ದು ಎಳೆಯುವವನಿಗೆ ಅನುಕೂಲ. ಎರಡೂ ಬೇರೆ ಬೇರೆ ಗುಣಗಳಲ್ಲ, ಒಂದೇ ಗುಣದ ಎರಡು ಹೆಸರು. ತೀರ ತೆರೆದೇ ಉಳಿದದ್ದರಲ್ಲಿ ಅದನ್ನು ಹಾಗೆ ಬಳಸುತ್ತ ಬಂದವರ ಪಾಲೂ ಇದೆ.

ಇದನ್ನೊಪ್ಪಿದರೆ ‘ನಿರ್ಜನತೆ, ಪ್ರಶಾಂತತೆ’ ಎಂಬ ಅಂಶ ನಮ್ಮಲ್ಲಿ ಕೂಡಲೇ ತೊಡಕಿನದಾಗುತ್ತದೆ. ಮೀನುಗಾರಿಕೆಯ ತೀರ ಪ್ರಶಾಂತವಲ್ಲ. ಕೂಗಾಟವಿದೆ, ಚೌಕಾಸಿಯಿದೆ, ಕಾಗೆಯಿದೆ, ಒಣಮೀನಿನ ವಾಸನೆಯಿದೆ. ನಮ್ಮ ಕರಾವಳಿಯಲ್ಲಿ ನಿರ್ಜನ ತೀರ ಕಂಡರೆ ಮೊದಲು ಕೇಳಬೇಕಾದ್ದು ಜನ ಎಲ್ಲಿಗೆ ಹೋದರು ಎಂದು. ಕಾರವಾರದ ಸುತ್ತ ಸೀಬರ್ಡ್ ನೌಕಾನೆಲೆಗಾಗಿ ಹಲವು ಊರುಗಳು ತೆರವಾದವು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಎದ್ದ ಪ್ರಶ್ನೆ ಇದೇ: ಉಳಿದಿರುವ ಠಾಕೂರ್ ತೀರವೂ ಹೋದರೆ ಬಲೆ ಎಳೆಯುವುದೆಲ್ಲಿ? ಕವಿಯ ಹೆಸರಿನ ತೀರವನ್ನು ಉಳಿಸಿ ಎಂದವರ ವಾದವೂ, ಬಲೆಯ ತೀರವನ್ನು ಉಳಿಸಿ ಎಂದವರ ವಾದವೂ ಅಲ್ಲಿ ಒಂದೇ ಮರಳಿನ ಮೇಲೆ ನಿಂತಿದ್ದವು.

ಕಡಲಿನಿಂದ ನೆಲವನ್ನು ನೋಡಬೇಕೆಂಬ ಬ್ರಿಟಿಷ್ ಸೂತ್ರ ನಮ್ಮಲ್ಲಿ ಇನ್ನಷ್ಟು ಆಳಕ್ಕೆ ಹೋಗಬಲ್ಲದು. ಸಾಂಪ್ರದಾಯಿಕ ಮೀನುಗಾರರು ನೀರಿನ ಮೇಲೆ ತಾವಿರುವ ಜಾಗವನ್ನು ತಿಳಿಯುವುದು ದಡದ ಗುರುತುಗಳಿಂದ. ಒಂದು ಗುಡ್ಡದ ನೆತ್ತಿ, ಅದರ ಮುಂದಿನ ಒಂಟಿಮರ, ಗುಡಿಯ ಶಿಖರ ಹೇಗೆ ಒಂದರ ನೇರಕ್ಕೆ ಒಂದು ಬರುತ್ತವೆ ಎಂಬುದರಿಂದ ಕೆಳಗಿನ ಬಂಡೆಯನ್ನೋ ಮೀನಿನ ನೆಲೆಯನ್ನೋ ಅಂದಾಜು ಮಾಡುತ್ತಾರೆ. ಆ ಗುಡ್ಡವನ್ನು ಕಡಿದರೆ ಪ್ರವಾಸಿಗೆ ಒಂದು ಚಿತ್ರ ಕೆಡುತ್ತದೆ, ಮೀನುಗಾರನಿಗೆ ನಕ್ಷೆಯ ಒಂದು ಹಾಳೆಯೇ ಹರಿದುಹೋಗುತ್ತದೆ. ‘ನೋಟದ ಸೊಗಸು’ ಎಂಬ ಅಂಕಣದಲ್ಲಿ ಈ ನಷ್ಟವನ್ನು ಬರೆಯಲು ಜಾಗವಿರಬೇಕು.

ಚೆಲುವಿನ ಮಾತೇ ಬೇಡ ಎನ್ನುವವರೂ ಇದ್ದಾರೆ. ಅವರ ವಾದ ಹಗುರವಲ್ಲ. ಚೆಲುವಿನ ಹೆಸರಿನಲ್ಲಿ ಕಾಪಾಡಲು ಹೊರಟರೆ ಕಣ್ಣಿಗೆ ಚೆಂದ ಕಾಣದ್ದು ಸಾಯುತ್ತದೆ ಎನ್ನುತ್ತಾರೆ ಅವರು. ಅಘನಾಶಿನಿಯ ಅಳಿವೆಯನ್ನು ನೋಡಿ. ಇಳಿತದ ಹೊತ್ತಿನಲ್ಲಿ ಅದು ಕಪ್ಪು ಕೆಸರು. ಆ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಎಷ್ಟೋ ಮನೆಗಳು ನಡೆಯುತ್ತವೆ. ಪಕ್ಕದ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ಕಿದ್ದು ಚೆಲುವಿಗಲ್ಲ, ಜೌಗುನೆಲವಾಗಿ ಅದು ಹೊತ್ತ ಜೀವಸಂಪತ್ತಿಗೆ. ಹಾಗಿದ್ದರೆ 2011ರ ಪಟ್ಟಿ ಸರಿಯಾಗಿಯೇ ಇತ್ತಲ್ಲವೇ?

ಅರ್ಧ ಸರಿ. ಕೆಸರುಬಯಲು ಪಟ್ಟಿಗೆ ಸೇರಿದ್ದು ನಿಜವಾದ ಲಾಭ. ಆದರೆ ಗಜನಿಯನ್ನು ಕೆಸರು, ಕಾಂಡ್ಲಾ, ಹಕ್ಕಿ ಎಂದು ಬಿಡಿಬಿಡಿಯಾಗಿ ಎಣಿಸಿದರೆ ಅವುಗಳನ್ನು ಒಂದು ಜಾಗವನ್ನಾಗಿ ಹಿಡಿದಿಟ್ಟ ಕಟ್ಟು, ತೂಬು, ವರ್ಷದ ಸರದಿ ಎಣಿಕೆಯಿಂದ ಜಾರುತ್ತವೆ. ನಮ್ಮ ತೀರದ ಈಗಿನ ಪಟ್ಟಗಳೆಲ್ಲ ಹೀಗೆ ಒಂದೊಂದು ಕಿಂಡಿಯಿಂದ ನೋಡುವಂಥವು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ ಕಂಬಕಂಬವಾಗಿ ನಿಂತ ಲಾವಾಶಿಲೆಗಾಗಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಸಿಕ್ಕ ಬ್ಲೂ ಫ್ಲ್ಯಾಗ್ ಮನ್ನಣೆ 33 ಮಾನದಂಡಗಳದ್ದು. ನೀರಿನ ಶುದ್ಧಿ, ಸ್ವಚ್ಛತೆ, ಸುರಕ್ಷತೆ, ಸೌಕರ್ಯ ಹೀಗೆ ಹೆಚ್ಚಿನವು ಬಂದು ಈಜಿ ಹೋಗುವವನ ಅಗತ್ಯಗಳು. ಅದೇ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಬಾವುಟಕ್ಕೆ ಅಂಕ ಕೊಟ್ಟವರು ಅಳೆದದ್ದು ಒಂದನ್ನು, ಜನ ಕಳೆದುಕೊಳ್ಳುತ್ತಿರುವುದು ಇನ್ನೊಂದನ್ನು.

ಇಡೀ ಜಾಗವನ್ನು ಜಾಗವಾಗಿ ನೋಡಬಲ್ಲ ಪದ ಕಾನೂನಿನಲ್ಲಿ ಇಲ್ಲದಿರುವುದರ ಪರಿಣಾಮ ಕಾಗದದ ಮೇಲೆಯೇ ಕಾಣುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅರ್ಜಿಯಲ್ಲಿ ಯೋಜನೆ ಹೂಡುವವರು ತುಂಬಬೇಕಾದ ಒಂದು ಸಾಲಿದೆ. ಅಂತರರಾಷ್ಟ್ರೀಯ ಒಪ್ಪಂದ, ರಾಷ್ಟ್ರದ ಅಥವಾ ಸ್ಥಳೀಯ ಕಾನೂನಿನಡಿ ಪರಿಸರಕ್ಕಾಗಿ, ಭೂದೃಶ್ಯಕ್ಕಾಗಿ, ಸಂಸ್ಕೃತಿಗಾಗಿ ರಕ್ಷಿತವಾದ ಪ್ರದೇಶ ಹತ್ತಿರದಲ್ಲಿದೆಯೇ ಎಂದು ಅದು ಕೇಳುತ್ತದೆ. ಕಟ್ಟಡ ಯೋಜನೆಗಳ ಅರ್ಜಿಯಲ್ಲಂತೂ ಸೌಂದರ್ಯ ಎಂಬ ತಲೆಬರಹದಡಿಯಲ್ಲೇ, ಯಾವುದಾದರೂ ನೋಟಕ್ಕೆ, ಭೂದೃಶ್ಯಕ್ಕೆ ಅಡ್ಡಿಯಾಗುತ್ತದೆಯೇ ಎಂಬ ಪ್ರಶ್ನೆಯಿದೆ. ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತಿದೆ. ಆದರೆ ಭೂದೃಶ್ಯಕ್ಕಾಗಿ ಸ್ಥಳೀಯವಾಗಿ ರಕ್ಷಿತವಾದ ಪ್ರದೇಶ ಒಂದೂ ಇಲ್ಲದ ಊರಿನಲ್ಲಿ ‘ಇಲ್ಲ’ ಎಂದು ಬರೆಯುವವನು ಸುಳ್ಳು ಹೇಳಿದಂತಾಗುವುದಿಲ್ಲ. ತೀರಕ್ಕೆ ಕಲ್ಲಿನ ತಡೆಗೋಡೆ ಬಂದು ಮರಳೇ ಕಾಣದಂತಾದರೂ ಕಡತದ ಪ್ರಕಾರ ಭೂದೃಶ್ಯದ ಲೆಕ್ಕದಲ್ಲಿ ಏನೂ ಕಳೆದಿರುವುದಿಲ್ಲ. ಇದ್ದದ್ದನ್ನು ಯಾರೂ ಬರೆದಿರಲಿಲ್ಲವಲ್ಲ.

ಆದ್ದರಿಂದ ಬರೆಯುವ ಕೆಲಸ ಮೊದಲು. ಅದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನಂತೆ ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಜೀವವೈವಿಧ್ಯ ಪಾರಂಪರಿಕ ತಾಣಗಳನ್ನು ಘೋಷಿಸಬಹುದು. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು ಆ ಪಟ್ಟ ಪಡೆದದ್ದು ಹೀಗೆ. ಅದೇ ಕಾಯ್ದೆಯಡಿ ಪಂಚಾಯಿತಿ ಮಟ್ಟದ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಆ ದಾಖಲೆಯಲ್ಲಿ ಗಿಡಮರ ಪ್ರಾಣಿಗಳ ಜೊತೆಗೆ ಊರಿನ ಭೂದೃಶ್ಯವನ್ನೂ, ಅದನ್ನು ಬಳಸುವ ಜನರನ್ನೂ ದಾಖಲಿಸಲು ಅವಕಾಶವಿದೆ. ಕರಾವಳಿಯ ಪಂಚಾಯಿತಿಯೊಂದು ಈ ಭಾಗವನ್ನು ಮನಸ್ಸಿಟ್ಟು ಬರೆದರೆ ಸ್ಥಳೀಯ ಮೌಲ್ಯಮಾಪನದ ಮೊದಲ ಕರಡು ಅದೇ ಆಗುತ್ತದೆ.

ಹೇಗೆ ಬರೆಯಬೇಕು ಎಂಬಲ್ಲಿ ಭಾಷೆಯ ವಿದ್ಯಾರ್ಥಿಗಳ ಪಾಲಿದೆ. ‘ಸುಂದರ ಬೀಚ್’ ಎಂಬ ಎರಡು ಪದ ಅಳಿಸಿಹಾಕುವ ಭೇದಗಳನ್ನು ಊರಿನ ಮಾತು ಉಳಿಸಿಕೊಂಡಿದೆ. ಕೋಡಿ, ಅಳಿವೆ, ಕುದ್ರು, ಗಜನಿ, ಹೊಯ್ಗೆ ಇವೆಲ್ಲ ಬರಿಯ ಹೆಸರುಗಳಲ್ಲ. ನೀರು ಎಲ್ಲಿ ತಿರುಗುತ್ತದೆ, ಮರಳು ಎಲ್ಲಿ ನಿಲ್ಲುತ್ತದೆ, ಉಪ್ಪು ಎಲ್ಲಿಯವರೆಗೆ ಬರುತ್ತದೆ ಎಂದು ತಲೆಮಾರುಗಳು ನೋಡಿ ನಿರ್ಧರಿಸಿದ ಮೌಲ್ಯಮಾಪನಗಳು. ಒಂದು ಊರಿನ ತೀರದುದ್ದಕ್ಕೂ ನಡೆದು ಪ್ರತಿ ತುಂಡಿಗೆ ಮೀನುಗಾರರು, ಬಳಚು ಹೆಕ್ಕುವವರು, ಗದ್ದೆಯವರು ಕರೆಯುವ ಹೆಸರು ಬರೆದುಕೊಂಡರೆ ಸಮಾಲೋಚಕ ಸಂಸ್ಥೆಯ ವಿಶೇಷಣಗಳಿಗಿಂತ ಗಟ್ಟಿಯಾದ ದಾಖಲೆ ಸಿಗುತ್ತದೆ. ನಡೆಯುವುದೂ ಒಂದೇ ಋತುವಿನಲ್ಲಾಗಬಾರದು. ಪ್ರವಾಸಿಯ ಫೋಟೊ ಡಿಸೆಂಬರಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರಿ, ಕಡಲು ಕಂದಾಗಿ ತೀರವನ್ನು ಕಿತ್ತು ತಿನ್ನುವ ದಿನಗಳನ್ನು ನೋಡದವರು ಆ ತೀರಕ್ಕೆ ಅಂಕ ಕೊಡಬಾರದು.

ಪಟ್ಟ ಸಿಕ್ಕರೆ ರೆಸಾರ್ಟುಗಳು ಬರುತ್ತವೆ, ಚೆಲುವೇ ಜಾಹೀರಾತಾಗುತ್ತದೆ ಎಂಬ ಭಯ ಉಳಿದೇ ಇದೆ. ಆ ಭಯಕ್ಕೆ ಉತ್ತರ ದಾಖಲೆಯ ಬರವಣಿಗೆಯಲ್ಲೇ ಇರಬೇಕು. ಇಲ್ಲಿ ತೀರ ತೆರೆದಿದೆ, ಯಾಕೆಂದರೆ ಇಲ್ಲಿ ಬಲೆ ಎಳೆಯುತ್ತಾರೆ ಎಂದು ಕಾರಣಸಹಿತ ಬರೆದರೆ, ಬಲೆಯನ್ನು ಓಡಿಸಿ ತೆರೆದ ತೀರವನ್ನು ಮಾತ್ರ ಉಳಿಸಿಕೊಳ್ಳುವ ಯಾವ ಯೋಜನೆಯೂ ಆ ದಾಖಲೆಗೆ ವಿರುದ್ಧವಾಗುತ್ತದೆ. ನೋಟವನ್ನಷ್ಟೇ ಬರೆದರೆ ನೋಟವನ್ನಷ್ಟೇ ಮಾರಬಹುದು.

1991ರ ಆ ಮಾತು ಅದೇ ಅರ್ಥದಲ್ಲಿ ಮರಳಿ ಬರಬೇಕೆಂದು ನಾನು ಕೇಳುತ್ತಿಲ್ಲ. ಅಸಾಧಾರಣ ಎಂಬುದು ಹೋಲಿಕೆಯ ಪದ. ಅದು ಒಂದು ತೀರವನ್ನು ಎತ್ತಿ ಪಕ್ಕದ ಹತ್ತು ತೀರಗಳನ್ನು ಸಾಧಾರಣವೆಂದು ಬಿಟ್ಟುಕೊಡುತ್ತದೆ. ಕೋಡಿಯಂಥ ಊರು ಯಾವ ಸ್ಪರ್ಧೆಯಲ್ಲೂ ಗೆಲ್ಲುವಂಥದ್ದಲ್ಲ, ಆದರೂ ಕನ್ನಡದ ಒಂದು ದೊಡ್ಡ ಕಾದಂಬರಿಗೆ ಅಷ್ಟೇ ಮರಳು ಸಾಕಾಯಿತು. ಹನ್ನೊಂದು ಸಾಲಿನ ಪಟ್ಟಿಗೆ ಹನ್ನೆರಡನೆಯದೊಂದು ಸೇರುವುದಾದರೆ ಅದು ಹೀಗಿರಲಿ: ಸ್ಥಳೀಯ ಜನ ತಮ್ಮ ಬಳಕೆ, ನೆನಪು ಮತ್ತು ನೋಟಗಳಿಂದ ಮೌಲ್ಯವುಳ್ಳದ್ದೆಂದು ಕಾರಣಸಹಿತ ದಾಖಲಿಸಿದ ತೀರ. ಆ ಸಾಲು ದೆಹಲಿಯಿಂದ ಬರುವುದು ತಡವಾಗಬಹುದು. ಪಂಚಾಯಿತಿಯ ದಾಖಲೆ ಪುಸ್ತಕದಲ್ಲಿ ಅದನ್ನು ಈ ಮಳೆಗಾಲದಲ್ಲೇ ಬರೆಯಲು ಶುರುಮಾಡಬಹುದು.